ವೆಲ್ಡಿಂಗ್ ಸೆಟ್ಟಿನ ಸೂರ್ಯ

ನಮ್ಮ ಮನೆಗೆ ಊಟಕ್ಕೆ ಬರುವವರಿಗೆ ನಾನು ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಂಗುಡೆ ಮೀನು ಕಾಯಿಸುವ ಪರಿಮಳ ಬಂತೆಂದು ಅಡುಗೆಮನೆಗೆ ಇಣುಕಬೇಡಿ. ಅಲ್ಲಿ ಒಲೆಯ ಎದುರು ನೈಟಿ ಹಾಕಿಕೊಂಡು, ಮುಖಕ್ಕೆ ವೆಲ್ಡಿಂಗ್ ಶೀಲ್ಡ್ ಏರಿಸಿಕೊಂಡು, ಎಡಗೈಯಲ್ಲಿ ಸಟ್ಟುಗ ಹಿಡಿದ ಒಂದು ಆಕೃತಿ ನಿಂತಿರುತ್ತದೆ. ಹೆದರಬೇಡಿ, ಅದು ನನ್ನ ಹೆಂಡತಿ ವಿನೋದ. ಎಣ್ಣೆ ಹಾರಿ ಮುಖ ಸುಡುವುದಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ಇಲ್ಲವೆಂದು ಅವಳೇ ಕಂಡುಹಿಡಿದದ್ದು. ಕಪ್ಪು ಗಾಜು ತೆಗೆದು ಬಿಳಿ ಗಾಜು ಹಾಕಿಸಿಕೊಂಡಿದ್ದಾಳೆ. ಕಳೆದ ವಾರ ಮೀಟರ್ ನೋಡಲು ಬಂದ ಹುಡುಗ ಅವಳನ್ನು ಕಂಡು ರೀಡಿಂಗ್ ಬರೆಯದೆ ಹೋಗಿಬಿಟ್ಟ.

ಆ ಶೀಲ್ಡ್ ನಮ್ಮ ಮನೆಗೆ ಬಂದದ್ದು ಮೀನು ಕಾಯಿಸಲಿಕ್ಕಲ್ಲ. ಸೂರ್ಯನನ್ನು ಮಾಡಲಿಕ್ಕೆ. ನಗಬೇಡಿ, ನಿಜವಾಗಿಯೂ ಮಾಡಿದೆವು. ನಮ್ಮದೇ ಚಾವಡಿಯಲ್ಲಿ, ಒಂದು ಆದಿತ್ಯವಾರ ಬೆಳಿಗ್ಗೆ.

ವಿಷಯ ಹೀಗೆ. ನಮ್ಮ ಮನೆ ಕಾಪುವಿನಿಂದ ಸ್ವಲ್ಪ ಒಳಗೆ. ಅಂಗಳದ ಸುತ್ತ ಮಲ್ಲಿಗೆ ಗಿಡಗಳು. ಅಮ್ಮ ಮದುವೆಯಾಗಿ ಬಂದ ಮರುವಾರದಿಂದ ಇಂದಿನವರೆಗೆ ಮಲ್ಲಿಗೆ ಕಟ್ಟಿದ್ದಾಳೆ. ಬೆಳಕು ಹರಿಯುವ ಮುಂಚೆ ಮೊಗ್ಗು ಕೊಯ್ಯುವುದು, ಚಾವಡಿಯಲ್ಲಿ ಕಾಲು ಚಾಚಿ ಕೂತು ಬಾಳೆನಾರಿನಲ್ಲಿ ಕಟ್ಟುವುದು, ಸುತ್ತಿ ಚೆಂಡು ಮಾಡುವುದು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹತ್ತು ಗಂಟೆಗೆ ಹೂವಿನ ಏಜೆಂಟ್ ಸ್ಕೂಟರಿನಲ್ಲಿ ಬಂದು ಗೇಟಿನ ಹೊರಗೆ ಹಾರ್ನ್ ಹೊಡೆಯುತ್ತಾನೆ. ನಾನು ಹುಟ್ಟಿದ ದಿನ ಸಹ ಅಮ್ಮ ಹೂ ಕಟ್ಟಿ ಕೊಟ್ಟೇ ಆಸ್ಪತ್ರೆಗೆ ಹೋದದ್ದಂತೆ. ಈ ಕಥೆಯನ್ನು ಅವಳು ಹೇಳುವಾಗ ಹೂವಿನ ವಿವರ ಬಹಳ ಇರುತ್ತದೆ, ನನ್ನದು ಒಂದೇ ವಾಕ್ಯ.

ಎಪ್ಪತ್ತೈದು ದಾಟಿದ ಮೇಲೆ ಅಮ್ಮನಿಗೆ ಚಾವಡಿಯ ಬೆಳಕು ಕಡಿಮೆ ಎನಿಸಲಿಕ್ಕೆ ಸುರುವಾಯಿತು. ಕಣ್ಣಿಗೆ ಪೊರೆ ಬಂದಿದೆ ಎಂದು ನಮಗೆಲ್ಲ ಗೊತ್ತಿತ್ತು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಮ್ಮನ ಅಕ್ಕ, ಕಾರ್ಕಳದ ದೊಡ್ಡಮ್ಮ, ಎಷ್ಟೋ ವರ್ಷದ ಹಿಂದೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹಸಿರು ಬಟ್ಟೆ ಕಟ್ಟಿಕೊಂಡು ಬಂದವಳು ಮತ್ತೆ ಒಂದು ಹೂ ಕಟ್ಟಲಿಲ್ಲ. ಅಮ್ಮನ ತಲೆಯಲ್ಲಿ ಆಪರೇಷನ್ ಎಂದರೆ ಅದೇ ಹಸಿರು ಬಟ್ಟೆ. ಹಾಗಾಗಿ ನಾವೆಲ್ಲ ಸೇರಿ ತಪ್ಪನ್ನು ಕರೆಂಟಿನ ಮೇಲೆ ಹಾಕಿದೆವು.

"ವೋಲ್ಟೇಜ್ ಇಲ್ಲ ಮಾಮಿ," ಎಂದಳು ವಿನೋದ ಮೊದಲ ಸಲ. ನಮ್ಮ ಕಡೆ ಅತ್ತೆಯನ್ನು ಮಾಮಿ ಎನ್ನುವುದು.

"ಅದೇ ನಾನು ಹೇಳುವುದು! ನಂದಿಕೂರು ಇಲ್ಲೇ ಉಂಟು. ಊರಿಗೆಲ್ಲ ಸಾಕಾಗುವಷ್ಟು ಕರೆಂಟ್ ಅಲ್ಲಿ ಮಾಡ್ತಾರೆ. ನಮ್ಮ ಚಾವಡಿಯ ಒಂದು ಬಲ್ಬಿಗೆ ಸಾಕಾಗುವುದಿಲ್ಲವಾ?" ಎಂದಳು ಅಮ್ಮ.

ವೋಲ್ಟೇಜ್ ಗುಂಡುಕಲ್ಲಿನ ಹಾಗೆ ಸರಿಯಾಗಿಯೇ ಇತ್ತು. ನಾನು ಮಣಿಪಾಲದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮೀಟರ್ ಹಿಡಿಯಲು ಕಲಿಸಿದವನು. ಅದನ್ನು ಅಳೆದು ನೋಡಿದೆ, ಬಾಯಿ ಮುಚ್ಚಿಕೊಂಡೆ, ದೊಡ್ಡ ಬಲ್ಬ್ ತಂದೆ. ಅರವತ್ತು ಹೋಗಿ ನೂರು ಬಂತು. ಟ್ಯೂಬ್ ಲೈಟ್ ಒಂದಿದ್ದದ್ದು ಮೂರಾಯಿತು. ಆಮೇಲೆ ಎಲ್‌ಇಡಿ, ಅದರ ಮೇಲೆ ಶಾಮಿಯಾನದವನಿಂದ ತಂದ ಫ್ಲಡ್‌ಲೈಟು. ನಮ್ಮ ಚಾವಡಿಯಲ್ಲಿ ಪೇಪರ್ ಓದಬೇಕಾದರೆ ಟೋಪಿ ಹಾಕಿಕೊಳ್ಳಬೇಕಾದ ಸ್ಥಿತಿ ಬಂತು. ಪಕ್ಕದ ಮನೆಯವರು ಮದುವೆ ಯಾವಾಗ ಎಂದು ಕೇಳಿದರು. ಅಮ್ಮ ಮಾತ್ರ, "ಪರವಾಗಿಲ್ಲ, ಇನ್ನೂ ಸ್ವಲ್ಪ ಬೇಕು," ಎನ್ನುತ್ತಿದ್ದಳು.

ಇದರ ನಡುವೆ ಇನ್ನೊಂದು ಸಂಗತಿ ನಡೆಯಿತು. ಏಜೆಂಟ್ ಒಂದು ದಿನ ವಿನೋದಳನ್ನು ಗೇಟಿನ ಬದಿಗೆ ಕರೆದು, "ಅಕ್ಕ, ಬೇಜಾರು ಮಾಡಬೇಡಿ. ಅಮ್ಮನ ಚೆಂಡು ಈಗೀಗ ಸಡಿಲ. ಮಂಗಳೂರಿಗೆ ಮುಟ್ಟುವಾಗ ಬಿಚ್ಚಿಕೊಳ್ತದೆ," ಎಂದ. ವಿನೋದ ಅಮ್ಮನಿಗೆ ಹೇಳಲಿಲ್ಲ. ಮರುದಿನದಿಂದ, ನೀರು ಚಿಮುಕಿಸಿ ಎಲೆಯಲ್ಲಿ ಕಟ್ಟಿ ತರುತ್ತೇನೆಂದು ಹೂವನ್ನು ಒಳಗೆ ತೆಗೆದುಕೊಂಡು ಹೋಗುವುದು, ಅಡುಗೆಮನೆಯ ನೆಲದಲ್ಲಿ ಕೂತು ಅಷ್ಟನ್ನೂ ಬಿಚ್ಚಿ ಹೊಸದಾಗಿ ಕಟ್ಟುವುದು, ಮತ್ತೆ ತಂದು ಅಮ್ಮನ ಕೈಗೆ ಕೊಡುವುದು. ಯಾಕೆಂದರೆ ಏಜೆಂಟನ ಕೈಗೆ ಹೂ ಕೊಡುವ ಅಧಿಕಾರ ಅಮ್ಮನದ್ದು. ಅಮ್ಮ ಎಲೆ ಸ್ವಲ್ಪ ಸರಿಸಿ, ಪ್ರತಿ ಚೆಂಡಿನ ಮೇಲೂ ಒಮ್ಮೆ ಬೆರಳು ಓಡಿಸಿ, "ತಗೋ," ಎಂದು ಕೊಡುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ವಿನೋದಳ ಸಾರಿಗೆ ಆ ಎರಡು ವರ್ಷ ಒಗ್ಗರಣೆ ಸರಿಯಾಗಿ ಬೀಳಲಿಲ್ಲ, ನಾನು ಸಹ ಕಮಕ್ ಕಿಮಕ್ ಎನ್ನದೆ ಉಂಡೆ.

ಕೊನೆಗೆ ಒಂದು ದಿನ ನಾನೇ ತಡೆಯಲಾರದೆ ಹೇಳಿದೆ. "ಅಮ್ಮ, ಇದು ಬಲ್ಬಿನದ್ದಲ್ಲ. ಕಣ್ಣಿಂದು. ಮಣಿಪಾಲಕ್ಕೆ ಹೋಗಿ ತೋರಿಸುವ."

ಅಮ್ಮ ಬೈದಳು. ನಮ್ಮ ಮನೆಯಲ್ಲಿ ಬೈಗುಳವೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ಇಳಿಸಿದರೆ ಖಾರ ಹೋಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ಕೊನೆಗೆ ಹೇಳಿದ್ದು ಇಷ್ಟು: "ಸೂರ್ಯನಷ್ಟು ಬೆಳಕು ತಂದು ನನ್ನ ಎದುರು ಇಡು. ಅದರಲ್ಲೂ ಹೂ ಕಾಣದಿದ್ದರೆ ನೀನು ಹೇಳಿದಲ್ಲಿಗೆ ಬರ್ತೇನೆ. ಕಂಡರೆ ಈ ಆಪರೇಷನ್ ಸುದ್ದಿ ಈ ಮನೆಯಲ್ಲಿ ಮತ್ತೆ ಎತ್ತಬಾರದು."

"ಸೂರ್ಯ ಅಂಗಳದಲ್ಲೇ ಇದ್ದಾನಲ್ಲ? ಅಲ್ಲೇ ಕೂತುಕೋ."

"ಬಿಸಿಲಲ್ಲಿ ಕೂತರೆ ಮೊಗ್ಗು ಅರಳುವುದಿಲ್ಲವಾ? ಲ್ಯಾಬಿನಲ್ಲಿ ಎಂತ ಕಲಿಸಿದ್ದು ನೀನು?"

ಇದನ್ನು ಕೇಳಿಸಿಕೊಂಡದ್ದು ಸಂಜೀವ ಭಾವ, ವಿನೋದಳ ಅಣ್ಣ. ಕಾಪುವಿನ ಹೈವೇ ಬದಿಯಲ್ಲಿ ಅವನದ್ದು ವೆಲ್ಡಿಂಗ್ ಶಾಪ್. ಬೋಟಿನ ಕಬ್ಬಿಣದ ಕೆಲಸ, ಗೇಟು, ಗ್ರಿಲ್ಲು. ಅವನಿಗೆ ಯಾವುದೂ ಆಗುವುದಿಲ್ಲ ಎಂದು ಹೇಳಲಿಕ್ಕೆ ಬರುವುದಿಲ್ಲ. ನಾಲ್ಕು ದಿನ ಬಿಟ್ಟು ಫೋನ್ ಮಾಡಿದ. "ಭಾವ, ಕಾರ್ಕಳದ ಗುಜರಿಯಲ್ಲಿ ಒಂದು ಸಾಮಾನು ಬಿದ್ದುಂಟು. ನಿಮ್ಮ ಸೂರ್ಯ ಸಿಕ್ಕಿದ ಅಂತ ಕಾಣ್ತದೆ. ಬೇಗ ಬನ್ನಿ ಮಾರಾಯ್ರೆ, ಅವ ತೂಕಕ್ಕೆ ಹಾಕ್ತಾನೆ."

ಹೋಗಿ ನೋಡಿದೆ. ಹಳೇ ಬಾಗಿಲುಗಳು, ತುಕ್ಕು ಹಿಡಿದ ಫ್ರಿಜ್ಜುಗಳ ನಡುವೆ ಒಂದು ಕಬ್ಬಿಣದ ಪೆಟ್ಟಿಗೆ. ಒಳಗೆ ಗುಂಡಗಿನ ಕನ್ನಡಿ, ಎರಡು ಹಿಡಿಕೆ, ಎದುರಿಗೆ ಕಿಟಕಿ. ಮುಚ್ಚಿಹೋದ ಟಾಕೀಸಿನ ಪ್ರೊಜೆಕ್ಟರಿನ ದೀಪದ ಪೆಟ್ಟಿಗೆ. ಕಾರ್ಕಳ ಅಮ್ಮನ ತವರು. ರಜೆಯಲ್ಲಿ ಹೋದಾಗ ಅಮ್ಮ ನನ್ನನ್ನು ಟಾಕೀಸಿನ ಬೆಂಚಿನ ಕ್ಲಾಸಿಗೆ ಕರೆದುಕೊಂಡು ಹೋಗುತ್ತಿದ್ದಳು, ಸೀರೆಯ ಸೆರಗಿನಲ್ಲಿ ನೆಲಕಡಲೆ ಕಟ್ಟಿಕೊಂಡು. ಆ ಕಾಲದ ಪ್ರೊಜೆಕ್ಟರಿನಲ್ಲಿ ಬಲ್ಬ್ ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಯ ನಡುವೆ ಕಿಡಿ ಉರಿಯುತ್ತಿತ್ತು. ಕಡ್ಡಿ ಸವೆದಂತೆ ಆಪರೇಟರ್ ಮುಂದೆ ನೂಕುತ್ತಿರಬೇಕು. ಅವನು ಬೀಡಿ ಎಳೆಯಲು ಹೋದನೋ, ನಾಯಕಿ ಅಳುತ್ತಿರುವಾಗಲೇ ಪರದೆ ಕೆಂಪಾಗಿ ಮಸುಕಾಗುತ್ತಿತ್ತು. ಗಂಡಸರೆಲ್ಲ ಸಿಳ್ಳೆ ಹಾಕುತ್ತಿದ್ದರು. ಅಮ್ಮನಿಗೆ ಸಿಳ್ಳೆ ಬರುತ್ತಿರಲಿಲ್ಲ, ಎದ್ದು ನಿಂತು ಹಿಂದಕ್ಕೆ ತಿರುಗಿ, "ಓಯ್, ಬೆಳಕು ಹಾಕು ಮಾರಾಯ!" ಎಂದು ಕಿರುಚುತ್ತಿದ್ದಳು. ನಾನು ಬೆಂಚಿನ ಅಡಿಗೆ ಹೋಗುತ್ತಿದ್ದೆ.

ಪೆಟ್ಟಿಗೆ ಸಿಕ್ಕಿತು, ಅದಕ್ಕೆ ಕರೆಂಟ್ ಕೊಡುವ ಯಂತ್ರ ಯಾವಾಗಲೋ ಕರಗಿ ಹೋಗಿತ್ತು. ಭಾವ ತೊಡೆ ತಟ್ಟಿದ. "ಅದಕ್ಕೆ ಎಂತ? ನನ್ನ ವೆಲ್ಡಿಂಗ್ ಸೆಟ್ಟು ಉಂಟಲ್ಲ!" ಅವನು ಹೇಳಿದ್ದರಲ್ಲಿ ಸತ್ಯ ಇತ್ತು. ವೆಲ್ಡಿಂಗಿಗೂ ಆ ದೀಪಕ್ಕೂ ಬೇಕಾದ್ದು ಒಂದೇ ಬಗೆಯ ಕರೆಂಟ್, ವೋಲ್ಟೇಜ್ ಕಡಿಮೆ, ಆಂಪಿಯರ್ ಜಾಸ್ತಿ. ನಾನು ಹಳೆಯ ಕ್ಯಾಲೆಂಡರಿನ ಹಿಂದೆ ಅಚ್ಚುಕಟ್ಟಾಗಿ ಸರ್ಕ್ಯೂಟ್ ಬರೆದು ಕೊಟ್ಟೆ. ಭಾವ ಅದನ್ನು ಗೌರವದಿಂದ ನೋಡಿ, ಮಡಚಿ, ಅದರಿಂದಲೇ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡ.

ಮೂರು ಆದಿತ್ಯವಾರ ಹೋಯಿತು. ಬೋಟಿನ ಹಳೇ ಕಬ್ಬಿಣ ಕೆತ್ತಲು ಇಟ್ಟುಕೊಂಡಿದ್ದ ಕಾರ್ಬನ್ ರಾಡ್‌ಗಳನ್ನು ಭಾವ ದೀಪಕ್ಕೆ ಕೂರಿಸಿದ. ಸೆಟ್ಟಿನ ಎರಡು ಕೇಬಲ್ಲನ್ನು ಎರಡು ಹಿಡಿಕೆಗೆ ಬಿಗಿದ. ಸುರುವಿನಲ್ಲಿ ದೀಪ ಹತ್ತಲೇ ಇಲ್ಲ. ಈಗಿನ ವೆಲ್ಡಿಂಗ್ ಸೆಟ್ಟುಗಳು ಬುದ್ಧಿವಂತ ಜಾತಿಯವು. ರಾಡ್ ರಾಡಿಗೆ ತಾಗಿದ ತಕ್ಷಣ, ಇವನ್ಯಾರೋ ಹೊಸಬ, ರಾಡ್ ಅಂಟಿಸಿಕೊಂಡಿದ್ದಾನೆ ಎಂದು ತಿಳಿದು ಕರೆಂಟ್ ನಿಲ್ಲಿಸಿಬಿಡುತ್ತವೆ. ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಭಾವನಿಗೆ ಅವಮಾನವಾಯಿತು. "ನನಗೇ ಕಲಿಸಲಿಕ್ಕೆ ಬರ್ತದೆ ಇದು, ಹಡಬೆ," ಎಂದು ಸೆಟ್ಟಿಗೆ ಒಂದು ಕೊಟ್ಟ. ಆಮೇಲೆ ಉಪಾಯ ಸಿಕ್ಕಿತು. ಬೆಂಕಿಕಡ್ಡಿ ಗೀರಿದ ಹಾಗೆ ತಾಗಿಸಿ ಕೂಡಲೇ ಎಳೆದರೆ ಸೆಟ್ಟಿಗೆ ಗೊತ್ತಾಗುವ ಮುಂಚೆ ಕಿಡಿ ನಿಲ್ಲುತ್ತಿತ್ತು.

ಮುಂದಿನ ಆದಿತ್ಯವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಚಾವಡಿಗೆ ತಂದೆವು. ಬೆಳಕು ನೇರ ಅಮ್ಮನ ಮುಖಕ್ಕೆ ಬೀಳದೆ, ಸುಣ್ಣದ ಗೋಡೆಗೆ ಬಿದ್ದು ವಾಪಸು ಬರುವ ಹಾಗೆ ಇಟ್ಟೆವು. ಅಮ್ಮ ದೀಪಕ್ಕೆ ಬೆನ್ನು ಹಾಕಿ, ನನ್ನ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಎದುರಿಗೆ ಮೊಗ್ಗಿನ ಗೆರಸೆ ಇಟ್ಟುಕೊಂಡು ಕೂತಳು. ಕೂರುವ ಮುಂಚೆ ಪೆಟ್ಟಿಗೆಯನ್ನು ಕೈಯಿಂದ ಒಮ್ಮೆ ಸವರಿ ನೋಡಿದಳು. "ಇದು ಟಾಕೀಸಿನದ್ದಲ್ವಾ?" ಎಂದಳು. ಹೌದೆಂದೆವು. "ಹಾಗಾದರೆ ನಡುವಿನಲ್ಲಿ ಕೈಕೊಡ್ತದೆ," ಎಂದಳು.

ಭಾವ ಕಡ್ಡಿ ಗೀರಿದ.

ಏನು ಹೇಳಲಿ! ಚಾವಡಿ ಇಡೀ ಹಾಲು ಚೆಲ್ಲಿದ ಹಾಗೆ ಬಿಳಿಯಾಯಿತು. ಫ್ಲಡ್‌ಲೈಟು ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಗೋಡೆಯ ಒಂದೊಂದು ಬಿರುಕು, ಮಾಡಿನ ಒಂದೊಂದು ಜೇಡರ ಬಲೆ, ನನ್ನ ಅಜ್ಜನ ಫೋಟೋದ ಹಿಂದೆ ಅಡಗಿದ್ದ ಹಲ್ಲಿ, ಎಲ್ಲ ಬಯಲಿಗೆ ಬಂತು. ಅಡುಗೆಮನೆಯಿಂದ ಇಣುಕಿದ ವಿನೋದ, "ಅಯ್ಯೋ ದೇವರೇ, ಇಷ್ಟು ಬಲೆ ಉಂಟಾ ನಮ್ಮ ಮನೆಯಲ್ಲಿ!" ಎಂದು ಪೊರಕೆ ಹುಡುಕಲು ಓಡಿದಳು.

ನಾನು, ಭಾವ ಶೀಲ್ಡ್ ಹಾಕಿಕೊಂಡಿದ್ದೆವು. ತೊಂದರೆ ಎಂದರೆ ಆ ಕಪ್ಪು ಗಾಜಿನಲ್ಲಿ ಕಿಡಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಮ್ಮ ಹೂ ಕಟ್ಟುತ್ತಿದ್ದಾಳೋ ಇಲ್ಲವೋ ನೋಡಬೇಕಿತ್ತು. ನಾನು ಶೀಲ್ಡ್ ಎತ್ತಿ ಎತ್ತಿ ನೋಡಿದೆ. ಭಾವನ ಕಥೆ ಇನ್ನೂ ಚಂದ. ವೆಲ್ಡಿಂಗ್ ಶಾಪಿನಲ್ಲಿ ಸಣ್ಣ ಟಾಕ, ಅಂದರೆ ಒಂದು ಚುಕ್ಕಿ ಬೆಸುಗೆ, ಹಾಕುವಾಗ ಯಾರೂ ಶೀಲ್ಡ್ ಹಿಡಿಯುವುದಿಲ್ಲ, ಒಂದು ಕ್ಷಣ ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸುತ್ತಾರೆ, ಮುಗಿಯಿತು. ಅದೇ ಅಭ್ಯಾಸದಲ್ಲಿ ಭಾವ ಕಡ್ಡಿ ಮುಂದೆ ನೂಕುವಾಗೆಲ್ಲ ಶೀಲ್ಡ್ ಎತ್ತಿ ಕಣ್ಣು ಮುಚ್ಚಿದ, ಮತ್ತೆ ಕಣ್ಣು ತೆರೆದ. ಟಾಕ ಒಂದು ಕ್ಷಣಕ್ಕೆ ಮುಗಿಯುತ್ತದೆ. ನಮ್ಮ ಸೂರ್ಯ ಹತ್ತು ನಿಮಿಷ ಉರಿದ.

"ಅಮ್ಮ, ಕಾಣ್ತದಾ?" ಎಂದೆ.

"ಕಾಣ್ತದೆ, ಕಾಣ್ತದೆ."

ಅವಳ ಬೆರಳು ಸರಸರನೆ ಓಡುತ್ತಿತ್ತು. ಪಂಥ ಸೋತೆ ಎಂದುಕೊಂಡೆ. ಇನ್ನು ಆಪರೇಷನ್ ಎನ್ನುವ ಹಾಗಿಲ್ಲ, ಅಮ್ಮ ಹೀಗೇ ಕುರುಡಾಗಿಬಿಡುತ್ತಾಳೆ, ಅದಕ್ಕೆ ನಾನೇ ದೀಪ ಹಿಡಿದೆ. ಇನ್ನೊಮ್ಮೆ ಶೀಲ್ಡ್ ಎತ್ತಿದೆ. ಅಮ್ಮನ ಎದುರಿನ ಗೆರಸೆ ಖಾಲಿಯಾಗಿತ್ತು. ಖಾಲಿಯಾಗಿ ಎಷ್ಟು ಹೊತ್ತಾಯಿತೋ, ಅವಳ ಬಲಗೈ ಗೆರಸೆಯ ಮೂಲೆ ಮೂಲೆಯನ್ನು ತಡಕುತ್ತಿತ್ತು. ಒಂದು ಮೊಗ್ಗು ಅವಳ ಮಂಡಿಯ ಹತ್ತಿರವೇ ಬಿದ್ದಿತ್ತು, ಅಚ್ಚ ಬಿಳಿ, ಅಷ್ಟು ಬೆಳಕಿನಲ್ಲಿ. ಅವಳು ಅದನ್ನು ಮುಟ್ಟಲೇ ಇಲ್ಲ.

ಆಗ ಕಡ್ಡಿ ಸವೆದು ಬೆಳಕು ಕೆಂಪಾಯಿತು, ಚಟ್ ಎಂದು ಆರಿಹೋಯಿತು. ಅಮ್ಮ ನಾರನ್ನು ಕೆಳಗಿಟ್ಟಳು. ತಣ್ಣಗೆ, ನನ್ನ ಹೆಸರು ಹಿಡಿದು ಹೇಳಿದಳು. "ಇದು ಸಹ ಸಾಕಾಗುವುದಿಲ್ಲ, ಜಯ."

ಪಂಥದ ಸುದ್ದಿ ಎತ್ತುವ ಧೈರ್ಯ ನನಗಿರಲಿಲ್ಲ, ಅವಳೂ ಎತ್ತಲಿಲ್ಲ. ಎದ್ದು ಒಳಗೆ ಹೋಗಿ ಮಲಗಿದಳು. ಅಮ್ಮ ಹಗಲು ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ನಮ್ಮ ಕಣ್ಣಿನ ಕಥೆ ಸುರುವಾಯಿತು. ಮೊದಲು ಮರಳು ಬಿದ್ದ ಹಾಗೆ, ಆಮೇಲೆ ಆ ಮರಳಿಗೆ ಮೆಣಸಿನ ಹುಡಿ ಬೆರೆಸಿದ ಹಾಗೆ. ಭಾವ ಅವನ ಮನೆಯಿಂದ ಗೋಡೆ ಹಿಡಿದುಕೊಂಡು ಬಂದ. ಅಲ್ಲಿ ಅವನ ಹೆಂಡತಿ ಬೈಗುಳ ಮುಗಿಸಿರಲಿಲ್ಲವಂತೆ. "ಬಟಾಟೆ ಕೊಯ್ದು ಕಣ್ಣಿನ ಮೇಲೆ ಇಡಬೇಕು ತಂಗಿ, ನಾವು ಶಾಪಿನಲ್ಲಿ ಹಾಗೇ ಮಾಡುವುದು," ಎಂದು ನರಳಿದ. "ಒಂದೇ ಬಟಾಟೆ ಉಂಟು. ನಾಲ್ಕು ಕಣ್ಣು. ನೀವೇ ಪಾಲು ಮಾಡಿಕೊಳ್ಳಿ," ಎಂದಳು ವಿನೋದ.

ಬೆಳಿಗ್ಗೆ ಕಣ್ಣು ತೆರೆಯುವ ಹಾಗಿರಲಿಲ್ಲ. ಮಣಿಪಾಲಕ್ಕೆ ಹೋಗಲೇಬೇಕು, ಕರೆದುಕೊಂಡು ಹೋಗುವವರು ಯಾರು? ವಿನೋದ ಹೊರಟರೆ ಹೂ ಯಾರು ಕೊಯ್ಯುವುದು? ಮೊಗ್ಗು ಯಾರ ಕಣ್ಣಿಗೂ ಕಾಯುವುದಿಲ್ಲ. ಒಳಗಿನಿಂದ ಅಮ್ಮನ ಧ್ವನಿ ಬಂತು. "ನಾನು ಕರ್ಕೊಂಡು ಹೋಗ್ತೇನೆ. ಆಟೊ ಕರಿ."

ಮೂರು ಜನ ಆಟೊ ಹತ್ತಿದೆವು. ನಡುವೆ ಅಮ್ಮ, ಒಂದು ಕೈಯಲ್ಲಿ ನಾನು, ಇನ್ನೊಂದು ಕೈಯಲ್ಲಿ ಭಾವ, ಇಬ್ಬರ ಕಣ್ಣಿಗೂ ಒದ್ದೆ ಬಟ್ಟೆ. ಆಟೊದವ ನಮ್ಮೂರಿನವನೇ. "ಯಾರು ಯಾರನ್ನು ಕರ್ಕೊಂಡು ಹೋಗುವುದು ಅಜ್ಜಿ?" ಎಂದ. "ನೀನು ರಸ್ತೆ ನೋಡು," ಎಂದಳು ಅಮ್ಮ. ಸ್ವಲ್ಪ ದೂರ ಹೋದ ಮೇಲೆ, "ಅಂಬಲಪಾಡಿ ಬಂತು, ದೇವರಿಗೆ ಕೈ ಮುಗೀರಿ," ಎಂದು ನಮ್ಮಿಬ್ಬರನ್ನೂ ತಿವಿದಳು. ನಾವು ಭಕ್ತಿಯಿಂದ ಕೈ ಮುಗಿದೆವು. "ಅಜ್ಜಿ, ಇದು ಉದ್ಯಾವರದ ಹೊಳೆಯ ಸಂಕ," ಎಂದ ಆಟೊದವ. ಅಮ್ಮ ನನ್ನ ಕೈಯನ್ನು ಸ್ವಲ್ಪ ಬಿಗಿಯಾಗಿ ಹಿಡಿದಳು, ಮತ್ತೆ ಮಣಿಪಾಲದವರೆಗೆ ಬಿಡಲಿಲ್ಲ.

ಡಾಕ್ಟರು ಹೆಂಗಸು, ಧ್ವನಿಯಲ್ಲೇ ಚಿಕ್ಕ ಪ್ರಾಯ. ಚಾವಡಿಯಲ್ಲಿ ಸೂರ್ಯನನ್ನು ಮಾಡಿದ್ದನ್ನು ಕೇಳಿ ಅವರು ನಗು ತಡೆಯಲು ಕೆಮ್ಮಿದರು. ಕಣ್ಣಿಗೆ ಮದ್ದು ಬಿಟ್ಟರು, ಎರಡು ದಿನದಲ್ಲಿ ಸರಿಯಾಗುತ್ತದೆ ಎಂದರು. "ಇವರ ಜೊತೆ ಬಂದವರು ಯಾರು?"

"ನಾನೇ," ಎಂದಳು ಅಮ್ಮ, ಗತ್ತಿನಲ್ಲಿ.

"ಇಲ್ಲೊಂದು ಸೈನ್ ಮಾಡಿ ಅಜ್ಜಿ."

ಪೆನ್ನು ಓಡುವ ಸದ್ದು ಕೇಳಿತು. ಕಾಗದದ ಮೇಲಿನ ಸದ್ದಲ್ಲ ಅದು, ಮರದ ಮೇಲೆ ಪರಚಿದ ಸದ್ದು. ಅಮ್ಮ ಮೇಜಿನ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ಡಾಕ್ಟರು ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಮೆತ್ತಗೆ, "ಅಜ್ಜಿ, ಇಷ್ಟು ದೂರ ಬಂದಿದ್ದೀರಿ, ನೀವೂ ಈ ಕುರ್ಚಿಯಲ್ಲಿ ಸ್ವಲ್ಪ ಕೂತುಕೊಳ್ಳಿ," ಎಂದರು.

ಅಮ್ಮ ಕೂತಳು. ನನಗೆ ನಂಬಲಿಕ್ಕಾಗಲಿಲ್ಲ. ಡಾಕ್ಟರು ನೋಡಿ ಮುಗಿಸಿ ನನ್ನ ಕಡೆ ತಿರುಗಿದರು. "ಪೊರೆ ಪೂರಾ ದಪ್ಪ ಉಂಟು. ಇಂಥ ಕಣ್ಣಿಗೆ ಬೆಳಕು ಜಾಸ್ತಿಯಾದಷ್ಟೂ ಎದುರಿಗೆ ಬರೀ ಬಿಳಿ. ಸಣ್ಣ ಬೆಳಕೇ ಒಳ್ಳೆಯದಿತ್ತು. ನಿಮಗೆ ಎಂತ ಕೆಲಸ?" ಫಿಸಿಕ್ಸ್ ಲ್ಯಾಬು ಎಂದು ಹೇಳುವ ಬದಲು, ಹೂವಿನ ಕೃಷಿ ಎಂದೆ.

"ಆಪರೇಷನ್ ಮಾಡಿದರೆ," ಎಂದಳು ಅಮ್ಮ, ಧ್ವನಿಯಲ್ಲಿ ಅಷ್ಟು ಹೊತ್ತಿನ ಗತ್ತು ಇರಲಿಲ್ಲ, "ಆಮೇಲೆ ನನಗೆ ಹೂ ಕಟ್ಟಲಿಕ್ಕೆ ಆಗ್ತದಾ? ನಮ್ಮಕ್ಕನಿಗೆ ಆಗಲಿಲ್ಲ."

"ನಿಮ್ಮ ಅಕ್ಕನ ಕಾಲದ ಆಪರೇಷನ್ ಅಲ್ಲ ಅಜ್ಜಿ ಇದು. ಆಗ್ತದೆ. ಮೊದಲ ಚೆಂಡು ನನಗೇ ತಂದುಕೊಡಿ."

ಒಂದು ಕಣ್ಣು ಆಯಿತು, ಒಂದು ತಿಂಗಳು ಬಿಟ್ಟು ಇನ್ನೊಂದು. ಹಸಿರು ಬಟ್ಟೆ ಕಟ್ಟಲಿಲ್ಲವೆಂದು ಅಮ್ಮನಿಗೆ ಸ್ವಲ್ಪ ನಿರಾಸೆಯೇ ಆಯಿತು. ಮದ್ದು ಬಿಡುವ ದಿನಗಳೆಲ್ಲ ಮುಗಿದ ಮೇಲೆ, ಒಂದು ಬೆಳಿಗ್ಗೆ ಚಾವಡಿಗೆ ಬಂದು ಮೇಲೆ ನೋಡಿದಳು. ಮೂರು ಟ್ಯೂಬ್ ಲೈಟು, ಎಲ್‌ಇಡಿ, ಫ್ಲಡ್‌ಲೈಟು.

"ಇದೆಲ್ಲ ಎಂತ ಇದು? ಕಣ್ಣು ಕುರುಡಾಗುವುದಿಲ್ಲವಾ? ತೆಗೆ ಎಲ್ಲ. ಒಂದು ಇರಲಿ," ಎಂದಳು. ನಾನು ಏಣಿ ತಂದು ಒಂದೊಂದನ್ನೇ ಬಿಚ್ಚಿದೆ. ಗೆರಸೆ ಎದುರಿಗಿಟ್ಟುಕೊಂಡು ಅವಳು ಕೂತಳು. ಎಷ್ಟೋ ದಿನದಿಂದ ಒಬ್ಬಳೇ ಕಟ್ಟುತ್ತಿದ್ದ ವಿನೋದ ಸಹ ಪಕ್ಕದಲ್ಲಿ ಕೂತಳು. ನಾನು ಏಣಿಯ ಮೇಲೆ ಇದ್ದೆ, ಕೆಲಸ ಮುಗಿದರೂ ಇಳಿಯಲಿಲ್ಲ. ಅಮ್ಮನ ಕೈ ಸುರುವಿಗೆ ನಿಧಾನವಿತ್ತು. ಆಮೇಲೆ ಹಿಡಿತ ಬಂತು. ಒಂದು ಚೆಂಡು, ಎರಡು ಚೆಂಡು. ಏಜೆಂಟ್ ಬರುವ ಹೊತ್ತಾಯಿತು. ವಿನೋದ ಅಭ್ಯಾಸದಂತೆ ಕೈ ಚಾಚಿದಳು. "ಕೊಡಿ ಮಾಮಿ, ನೀರು ಚಿಮುಕಿಸಿ ಎಲೆಯಲ್ಲಿ ಕಟ್ಟಿ ತರ್ತೇನೆ."

ಅಮ್ಮ ಚೆಂಡನ್ನು ಅವಳ ಕೈಯಲ್ಲಿಟ್ಟಳು. "ತಗೋ. ಒಳಗೆ ಹೋಗಿ ಬಿಚ್ಚಬೇಡ."

ಏಳಲು ಹೊರಟ ವಿನೋದ ಮತ್ತೆ ಕೂತಳು. ಅಮ್ಮ ಇನ್ನೊಂದು ನಾರು ಸೀಳುತ್ತಾ, ಮುಖ ಎತ್ತದೆ ಹೇಳಿದಳು. "ನಿನ್ನದು ಎಡಗೈ. ಗಂಟು ಆಚೆ ಕಡೆಗೆ ಬೀಳ್ತದೆ. ಬೆರಳಿಗೆ ಗೊತ್ತಾಗುವುದಿಲ್ಲವಾ? ಮೊದಲ ದಿನವೇ ಗೊತ್ತಾಗಿದೆ."

"ಮತ್ತೆ ಎರಡು ವರ್ಷ ಯಾಕೆ ಹೇಳಲಿಲ್ಲ ಮಾಮಿ?"

"ನೀನು ವೋಲ್ಟೇಜ್ ಇಲ್ಲ ಅಂದೆ. ನಾನು ಹೂಂ ಅಂದೆ. ಪಾಪ, ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ ನೀನು."

ವಿನೋದ ಸೆರಗಿಲ್ಲದ ನೈಟಿಯಲ್ಲಿ ಕಣ್ಣೊರೆಸಲು ಏನೂ ಸಿಗದೆ, ಕೈಯಲ್ಲಿದ್ದ ಬಾಳೆಎಲೆಯಿಂದಲೇ ಒರೆಸಿಕೊಂಡಳು. ಗೇಟಿನ ಹೊರಗೆ ಹಾರ್ನ್ ಕೇಳಿತು. ಆ ದಿನ ಏಜೆಂಟನ ಕೈಗೆ ಹೋದ ಅಟ್ಟೆಯಲ್ಲಿ ಬಲಗೈಯ ಎರಡು ಚೆಂಡು, ಎಡಗೈಯ ಎರಡು ಚೆಂಡು ಇದ್ದವು.